ಬಂದವರ ನೆಲೆ, ಹೋಗುವವರ ಬವಣೆ

1874ರಲ್ಲಿ ಮೆನ್ನೊನೈಟ್ ಕ್ರೈಸ್ತರು ರಷ್ಯವನ್ನು ತೊರೆದು ಕೆನಡದ ಹುಲ್ಲುಗಾವಲಿಗೆ ವಲಸೆ ಹೋದರು. ಶಸ್ತ್ರ ಹಿಡಿಯಲಾರೆವೆಂಬ ಮನಸ್ಸಾಕ್ಷಿಯೇ ಅವರನ್ನು ಹೊರಡಿಸಿತು. ನಮ್ಮ ಗಂಗಾವತಿಗೆ ರೈತರನ್ನು ಕರೆತಂದದ್ದು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ತರುವಾಯ ಕರಾವಳಿ ಆಂಧ್ರದ ಕುಟುಂಬಗಳು ಎಡದಂಡೆ ಕಾಲುವೆಯ ಬಯಲಿನಲ್ಲಿ ಬಿಡಾರ ಹೂಡಿದವು. ಆ ಬಿಡಾರಗಳು ಊರುಗಳಾದರೂ ಇಂದಿಗೂ 'ಕ್ಯಾಂಪ್'ಗಳೆಂದೇ ಹೆಸರಾಗಿವೆ. ಭತ್ತದ ಹಿಂದೆ ಅಕ್ಕಿ ಗಿರಣಿ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ರಿಪೇರಿಯ ಶೆಡ್ಡುಗಳು ಬಂದವು.

ಈ ಸಿರಿ ಎಷ್ಟು ನಾಜೂಕಾದುದೆಂಬುದನ್ನು 2024ರ ಆಗಸ್ಟ್ 10ರ ರಾತ್ರಿ ನಾವು ಅರಿತೆವು. ತುಂಡಾದದ್ದು 19ನೆಯ ಗೇಟಿನ ಸರಪಳಿ. ನಡುಗಿದ್ದು ರೈತ, ಗಿರಣಿಯವ, ಹಮಾಲ, ಅಂಗಡಿಕಾರ ಎಲ್ಲರ ಎದೆ. ದುಡಿಮೆಯಲ್ಲಿ ಯಾರೂ ಒಂಟಿಯಲ್ಲ.

ಆದರೆ ಕುಷ್ಟಗಿ, ಯಲಬುರ್ಗಾಗಳಿಗೆ ಎಡದಂಡೆಯ ನೀರು ಹರಿಯದು. ಸಜ್ಜೆ, ಜೋಳಗಳಿಗೆ ಮುಗಿಲೇ ಗತಿ. ಮಳೆ ಕೈಕೊಟ್ಟರೆ ಮನೆಗೆ ಬೀಗ ಬೀಳುತ್ತದೆ. ಜನ ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತಾರೆ. ಮುದುಕರು ಊರಲ್ಲಿ ಉಳಿಯುತ್ತಾರೆ, ಮಕ್ಕಳ ಶಾಲೆ ನಿಲ್ಲುತ್ತದೆ.

ಅಲ್ಲಿಂದ ಬಂದವರು ಇಲ್ಲಿ ನೆಲೆ ಕಂಡರು. ಇಲ್ಲಿಂದ ಹೋದವರಿಗೆ ಅಲ್ಲಿ ಯಾರು ಬಾಗಿಲು ತೆರೆಯುತ್ತಾರೆ? ಪರವೂರ ನೆರೆಯವರನ್ನು ಹೊಣೆಗಾರರನ್ನಾಗಿಸುವ ಮುನ್ನ, ಬೀಗ ಬಿದ್ದ ಮನೆಯ ಹಿರಿಯರನ್ನು ನಾವು ವಿಚಾರಿಸಿಕೊಳ್ಳೋಣ. ಶಾಲೆ ಬಿಟ್ಟ ಮಗುವನ್ನು ಹೆಸರು ಹಿಡಿದು ಕರೆಯೋಣ.