ಮನೆಯೊಳಗಿನ ಪಾದರಸ

ಲೋಹಗಳಲ್ಲಿ ಪಾದರಸವು ವಿಲಕ್ಷಣವಾದುದು. ನೀರಿಗಿಂತ 13.6 ಪಟ್ಟು ಭಾರವಾದ ಈ ದ್ರವವು ಕೋಣೆಯ ಉಷ್ಣತೆಯಲ್ಲಿಯೇ ಕಣ್ಣಿಗೆ ಕಾಣದ ಆವಿಯಾಗುತ್ತದೆ. ಆ ಆವಿಯು ಉಸಿರಿನೊಡನೆ ದೇಹವನ್ನು ಹೊಕ್ಕು ನರಮಂಡಲವನ್ನು ಕೆಡಿಸುತ್ತದೆ.

ವಿಜಯಪುರದ ಜೋರಾಪುರ ಪೇಟೆಯ ಮನೆಯೊಂದರಲ್ಲಿ ಹಳೆಯ ಜ್ವರಮಾಪಕವು ಒಡೆದರೆ, ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ ಕಿಟಕಿಗಳನ್ನು ತೆರೆಯಬೇಕು. ಕಸಬರಿಗೆಯಿಂದ ಗುಡಿಸಿದರೆ ಹನಿಗಳು ಚೂರುಚೂರಾಗಿ ಹರಡುತ್ತವೆ. ಬಚ್ಚಲಿಗೆ ಚೆಲ್ಲಿದರೆ ಕೆರೆಹೊಳೆಗಳನ್ನು ಸೇರಿ, ಮೀನುಗಳ ಮೂಲಕ ಮನುಷ್ಯನಿಗೇ ಮರಳುತ್ತವೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಘೋರ ವ್ಯಾಧಿಗೆ ಕಾರ್ಖಾನೆಯೊಂದು ಕಡಲಿಗೆ ಬಿಟ್ಟ ಪಾದರಸಯುಕ್ತ ತ್ಯಾಜ್ಯವೇ ಕಾರಣವಾಗಿತ್ತು.

ಆದುದರಿಂದ ಹನಿಗಳನ್ನು ಕೈಸೋಕದಂತೆ ಗಟ್ಟಿ ಕಾಗದದಿಂದ ಒಗ್ಗೂಡಿಸಿ ಬಿಗಿಮುಚ್ಚಳದ ಸೀಸೆಯಲ್ಲಿರಿಸಬೇಕು. ಅದರ ಮೇಲೆ ‘ಪಾದರಸ’ ಎಂದು ಬರೆದು, ಇತರ ಕಸದೊಡನೆ ಬೆರೆಸದೆ ಮಹಾನಗರ ಪಾಲಿಕೆಯವರಿಗೆ ಒಪ್ಪಿಸಬೇಕು. ಮೂಲಧಾತುವಾದ ಪಾದರಸವು ಸುಟ್ಟರೂ ಹೂಳಿದರೂ ನಾಶವಾಗದು. ಬಟ್ಟಿಯಿಳಿಸಿ ಶುದ್ಧಗೊಳಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ.