ಮೊದಲ ಡ್ಯೂಟಿಯ ಹೆದರಿಕೆಗೆ ಗೊಂಬೆಯ ಪಾಠ

ನಮ್ಮ ಬ್ಯಾರಿ ಮನೆಗಳಲ್ಲಿ ನರ್ಸಿಂಗ್ ಕಲಿತ ಹೆಣ್ಣುಮಕ್ಕಳು ಈಗ ಅಪರೂಪವಲ್ಲ. ನಾಲ್ಕು ವರ್ಷ ಓದಿ, ಒಳ್ಳೆಯ ಅಂಕ ತೆಗೆದು ಆಸ್ಪತ್ರೆಗೆ ಸೇರುತ್ತಾರೆ. ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಬಂದವಳು ಅಳುತ್ತಾಳೆ: "ಪೇಶೆಂಟ್‌ಗೆ ಸೀರಿಯಸ್ ಆಯ್ತು, ನನಗೆ ಕೈಕಾಲೇ ಆಡ್ಲಿಲ್ಲ. ನನ್ನಿಂದ ಆಗ್ಲಿಕ್ಕಿಲ್ಲ ಉಮ್ಮ." ನಾವೂ ಕನಿಕರದಿಂದಲೇ ಹೇಳಿಬಿಡುತ್ತೇವೆ: "ಸಾಕು, ಬಿಟ್ಟುಬಿಡು." ನಾಲ್ಕು ವರ್ಷದ ಓದು ಅಲ್ಲಿಗೆ ಮುಗಿಯಿತು.

ಈ ಹೆದರಿಕೆ ಅವಳೊಬ್ಬಳದ್ದಲ್ಲ. ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲೇ ಹೊಸ ನರ್ಸ್‌ಗಳ ಈ ಸಂಕಟದ ಬಗ್ಗೆ ಪುಸ್ತಕ ಬರೆದು ಅದನ್ನು 'ರಿಯಾಲಿಟಿ ಶಾಕ್' ಎಂದು ಕರೆದರು. ಕಲಿಯುವಾಗ ಪಕ್ಕದಲ್ಲಿ ಟೀಚರ್ ಇರುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಮಧ್ಯರಾತ್ರಿ ಮೊದಲು ಓಡಬೇಕಾದವಳು ಅವಳೇ. ಗೊತ್ತಿಲ್ಲದೆ ಅಲ್ಲ, ಮಾಡಿ ಅಭ್ಯಾಸವಿಲ್ಲದೆ ಕೈ ನಡುಗುತ್ತದೆ.

ಇದಕ್ಕೆ ಇರುವ ಒಂದು ಒಳ್ಳೆಯ ಮದ್ದು ಸಿಮ್ಯುಲೇಶನ್ ತರಬೇತಿ. ಅಂದರೆ, ನಿಜವಾದ ರೋಗಿಯ ಬದಲು ಗೊಂಬೆಯ ಮೇಲೆ, ವಾರ್ಡ್‌ನಂತೆಯೇ ಸಜ್ಜುಮಾಡಿದ ಕೋಣೆಯಲ್ಲಿ ಕಲಿಯುವುದು. ನಾರ್ವೆಯ ಆಸ್ಮಂಡ್ ಲಾರ್ಡಾಲ್ 1960ರಲ್ಲಿ ಸಿ.ಪಿ.ಆರ್. ಕಲಿಸಲು ಇಂಥ ಗೊಂಬೆ ತಯಾರಿಸಿದರು. ಇಂದಿನ ಗೊಂಬೆಗಳಿಗೆ ನಾಡಿ ಬಡಿಯುತ್ತದೆ, ಎದೆ ಏರಿಳಿಯುತ್ತದೆ. ಪಕ್ಕದ ಕೋಣೆಯಿಂದ ಟೀಚರ್ ಮೈಕಿನಲ್ಲಿ "ಸಿಸ್ಟರ್, ಉಸಿರು ಕಟ್ತಾ ಉಂಟು" ಎನ್ನುತ್ತಾರೆ. ಮಾನಿಟರ್‌ನಲ್ಲಿ ಆಕ್ಸಿಜನ್ 94ರಿಂದ 84ಕ್ಕೆ ಇಳಿಯುತ್ತದೆ. ಹಾಸಿಗೆಯ ತಲೆಭಾಗ ಎತ್ತಬೇಕು, ಆಕ್ಸಿಜನ್ ಹಾಕಬೇಕು, ಡಾಕ್ಟರಿಗೆ ಫೋನ್ ಮಾಡಿ ಏನಾಗಿದೆ, ರೋಗಿಯ ಹಿನ್ನೆಲೆ ಏನು, ತಾನು ಕಂಡದ್ದೇನು, ಏನು ಬೇಕು ಎಂದು ನಾಲ್ಕೇ ಮಾತಿನಲ್ಲಿ ಹೇಳಬೇಕು. ಹೊಸಬರು ತಡವರಿಸುವುದು ಹೆಚ್ಚಾಗಿ ಈ ಫೋನಿನಲ್ಲೇ.

ಇಲ್ಲಿ ತಪ್ಪಿದರೆ ಯಾರ ಜೀವವೂ ಹೋಗುವುದಿಲ್ಲ. ಆದರೆ ಗೊಂಬೆಗಿಂತ ಮುಖ್ಯವಾದದ್ದು ಆಮೇಲಿನ ಮಾತುಕತೆ. ಎಲ್ಲರೂ ಸುತ್ತ ಕುಳಿತು ಯಾವುದು ಸರಿಯಾಯಿತು, ಎಲ್ಲಿ ತಡವಾಯಿತು, ಯಾಕೆ ಎಂದು ಬೈಗುಳವಿಲ್ಲದೆ ಚರ್ಚಿಸುತ್ತಾರೆ. ಮತ್ತೆ ಮಾಡುತ್ತಾರೆ. ಎರಡನೇ ಸಲ ಕೈ ತಾನಾಗಿ ಸರಿಯಾದ ಕಡೆ ಹೋಗುತ್ತದೆ. ಧೈರ್ಯ ಬರುವುದು ಹೀಗೆ. ದುಬಾರಿ ಗೊಂಬೆಯೇ ಬೇಕೆಂದಿಲ್ಲ. ಸೀನಿಯರ್ ಒಬ್ಬಳು ರೋಗಿಯಂತೆ ಮಲಗಿದರೂ ಬಹಳಷ್ಟು ಕಲಿಯಬಹುದು.

ಗೊಂಬೆ ಎಲ್ಲವನ್ನೂ ಕಲಿಸುವುದಿಲ್ಲ. ರೋಗಿಯ ಮನೆಯವರ ಕಣ್ಣೀರು, ಒಂದೇ ಹೊತ್ತಿಗೆ ನಾಲ್ಕು ಹಾಸಿಗೆಯಿಂದ ಬರುವ ಕರೆ, ಇವು ವಾರ್ಡ್‌ನಲ್ಲೇ ಅಭ್ಯಾಸವಾಗಬೇಕು. ಅಲ್ಲಿಯವರೆಗೆ ಜೊತೆಗೆ ಅನುಭವಿ ನರ್ಸ್ ಬೇಕು.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಹೊಸ ಬಿ.ಎಸ್ಸಿ. ಪಠ್ಯಕ್ರಮದಲ್ಲೂ ಸಿಮ್ಯುಲೇಶನ್‌ಗೆ ಜಾಗವಿದೆ. ಹಾಗಾಗಿ ಮಗಳನ್ನು ಸೇರಿಸುವಾಗ ಫೀಸು, ಹಾಸ್ಟೆಲ್ ಮಾತ್ರ ವಿಚಾರಿಸದೆ ಇದನ್ನೂ ಕೇಳೋಣ: ಲ್ಯಾಬ್ ಉಂಟಾ? ಮಕ್ಕಳ ಕೈಗೆ ಕೊಡ್ತೀರಾ, ಬೀಗ ಹಾಕಿ ಇಟ್ಟಿದ್ದೀರಾ? ಕೆಲಸಕ್ಕೆ ಸೇರುವಾಗಲೂ ಹೊಸಬರಿಗೆ ಎಷ್ಟು ದಿನ ತರಬೇತಿ ಎಂದು ಕೇಳಬೇಕು. ಗಲ್ಫ್‌ನ ಕನಸು ಕಾಣುವವರಿಗೂ ಇಲ್ಲಿನ ಮೊದಲ ವರ್ಷಗಳ ಅನುಭವವೇ ಬಂಡವಾಳ.

ಪ್ರವಾದಿವರ್ಯರ (ಸ) ಕಾಲದಲ್ಲಿ ಮದೀನಾದ ಮಸೀದಿಯ ಬಳಿ ಡೇರೆ ಹಾಕಿ ಗಾಯಾಳುಗಳ ಆರೈಕೆ ಮಾಡಿದ ರುಫೈದಾ (ರ) ಬೇರೆ ಮಹಿಳೆಯರಿಗೂ ಆ ವಿದ್ಯೆ ಕಲಿಸಿದರೆಂದು ಹೇಳುತ್ತಾರೆ. ಅಳುತ್ತಾ ಬಂದ ಮಗಳಿಗೆ "ಬಿಟ್ಟುಬಿಡು" ಅನ್ನುವ ಮೊದಲು ಒಂದು ಲೋಟ ಚಾ ಕೊಟ್ಟು, "ಎಲ್ಲಿ ಕೈ ತಡೆಯಿತು? ಹೇಳಿಕೊಡುವವರು ಯಾರಿದ್ದಾರೆ?" ಎಂದು ಕೇಳೋಣ.