ಹೊಳೆ ಬರುವ ಮುನ್ನ ಹರಿಗೋಲಿನ ಆರೈಕೆ

ಹರಿಗೋಲು ಬಿದಿರಿನ ದಬ್ಬೆಯಲ್ಲಿ ಹೆಣೆದ, ಹೊರಮೈಗೆ ನೀರು ಇಳಿಯದ ಹೊದಿಕೆ ಹಾಕಿದ ದುಂಡು ದೋಣಿ. ಹರಿಹರದ ಸುತ್ತಿನ ಹೊಳೆದಂಡೆಯಲ್ಲಿ ಅದಕ್ಕೆ ತೆಪ್ಪ ಎಂದೂ ಹೆಸರುಂಟು. ದಿಮ್ಮಿಗಳನ್ನು ಜೋಡಿಸಿ ಕಟ್ಟಿದ್ದು ಮಾತ್ರ ತೆಪ್ಪ ಎಂಬ ಭೇದ ನಿಘಂಟಿನದು, ನೀರಿನ ಮೇಲೆ ಬದುಕುವವರದಲ್ಲ. ಹರಿಗೋಲಿಗೆ ಮುಂದು ಹಿಂದು ಇಲ್ಲ, ಚುಕ್ಕಾಣಿ ಇಲ್ಲ, ಹಾಯಿ ಇಲ್ಲ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಗುಲಿದರೆ ಬಳುಕುತ್ತದೆ. ಮರದ ಹಲಗೆಯ ದೋಣಿ ಅದೇ ಪೆಟ್ಟಿಗೆ ಬಿರುಕು ಬಿಡುತ್ತದೆ.

ತುಂಗಭದ್ರೆಯಲ್ಲಿ ಈ ದೋಣಿಯೇ ಉಳಿದು ಬಂದಿರುವುದಕ್ಕೆ ಹೊಳೆಯ ಸ್ವಭಾವವೇ ಕಾರಣ. ಏಪ್ರಿಲ್ ಹೊತ್ತಿಗೆ ಹರಿಹರದಲ್ಲಿ ಮರಳು, ಬಂಡೆ, ಅಲ್ಲಲ್ಲಿ ನಿಂತ ಮಡುಗಳು ಕಾಣುತ್ತವೆ. ಜುಲೈನಲ್ಲಿ ಅದೇ ಹೊಳೆ ದಡದಿಂದ ದಡಕ್ಕೆ ಕೆಂಪಗೆ ತುಂಬಿ ಹರಿಯುತ್ತದೆ. ಕೂಡಲಿಯಲ್ಲಿ ಸೇರಿ ಈ ಹೊಳೆಯಾಗುವ ಎರಡು ನದಿಗಳ ಪೈಕಿ ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಹಿಡಿಯುವ ಜಲಾಶಯವಿದೆ. ತುಂಗೆಗೆ ಗಾಜನೂರಿನಲ್ಲಿ ಇರುವುದು 3.24 ಟಿಎಂಸಿಯ ಸಣ್ಣ ಅಣೆಕಟ್ಟು. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಯ ಕಡೆ ಮಳೆ ಹಿಡಿದರೆ ಗಾಜನೂರು ಬೇಗನೆ ತುಂಬಿ, ಬಂದ ನೀರನ್ನು ಬಂದ ಹಾಗೆಯೇ ಕೆಳಕ್ಕೆ ಬಿಡುತ್ತದೆ. ಹರಿಹರದಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಬರುವುದು ಹೀಗೆ. ಆಗ ಊರಿನ ಗಂಗಾನಗರದ ತಗ್ಗಿನ ಮನೆಗಳಿಗೆ ನೀರು ಹೊಕ್ಕ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಉಕ್ಕಡಗಾತ್ರಿಯ ಸ್ನಾನಘಟ್ಟ ಮುಳುಗುತ್ತದೆ, ಫತ್ಯಾಪುರದ ಕಡೆಯ ರಸ್ತೆ ಕಟ್ಟಾಗುತ್ತದೆ.

ಇಷ್ಟು ಏರಿಳಿಯುವ ಹೊಳೆಯಲ್ಲಿ ದೋಣಿ ನಿಲ್ಲಿಸುವ ಕಟ್ಟೆಯನ್ನು ಎಲ್ಲಿ ಕಟ್ಟುವುದು? ಬೇಸಿಗೆಯ ನೀರಿಗೆ ಸರಿಯಾಗಿ ಕಟ್ಟಿದ್ದು ಮಳೆಗಾಲದಲ್ಲಿ ಆಳಕ್ಕೆ ಹೋಗುತ್ತದೆ. ಮಳೆಗಾಲಕ್ಕೆ ಸರಿಯಾಗಿ ಕಟ್ಟಿದ್ದು ಬೇಸಿಗೆಯಲ್ಲಿ ನೀರಿನಿಂದ ದೂರ, ಮೆಟ್ಟಿಲ ತುದಿಯಲ್ಲಿ ಉಳಿಯುತ್ತದೆ. ದೇವಸ್ಥಾನಗಳ ಬಳಿಯ ಸ್ನಾನಘಟ್ಟದ ಸಾಲು ಮೆಟ್ಟಿಲುಗಳು ಈ ತೊಡಕಿಗೆ ಹುಡುಕಿದ ಒಂದು ದಾರಿ. ನೀರು ಯಾವ ಮೆಟ್ಟಿಲಿಗೆ ಬಂದರೂ ಅಲ್ಲಿ ಕಾಲಿಡಬಹುದು. ಅಂಬಿಗರದು ಇನ್ನೂ ಸರಳ. ದಡದಲ್ಲಿ ಏನನ್ನೂ ಕಟ್ಟದೆ, ದೋಣಿಯನ್ನೇ ತಲೆಯ ಮೇಲೆ ಹೊತ್ತು ಒಯ್ಯುವಷ್ಟು ಹಗುರ ಮಾಡಿಕೊಂಡರು.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ವಿಜಯನಗರದ ಬಳಿ ಇದೇ ಹೊಳೆಯಲ್ಲಿ ಹರಿಗೋಲು ಕಂಡು ಬೆರಗಾಗಿದ್ದ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂಬುದು ಅವನ ವರ್ಣನೆಯ ಸಾರ. ಇಂದು ಹಂಪಿಯಲ್ಲಿ ಹರಿಗೋಲು ಹತ್ತಿದ ಪ್ರವಾಸಿಗರು ಹೇಳುವುದೂ ಹೆಚ್ಚುಕಡಿಮೆ ಇದೇ. 1800ರ ಜೂನ್‌ನಲ್ಲಿ ಬಂಡುಕೋರ ಧೋಂಡಿಯ ವಾಘ್‌ನ ಬೆನ್ನುಹತ್ತಿದ ಬ್ರಿಟಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿಯ ಸೇನೆ ಹೊಳೆ ದಾಟಿದ್ದು ಹರಿಹರದಲ್ಲೇ, ಅದೂ ಮುಂಗಾರು ಹಿಡಿದ ಮೇಲೆ. 1803ರಲ್ಲಿ ಪುಣೆಯ ಕಡೆ ಹೊರಟಾಗ ಅವನು ಮಾರ್ಚ್ ತಿಂಗಳಲ್ಲೇ ಹರಿಹರ ಬಿಟ್ಟು, ನೀರು ಇಳಿದಿದ್ದ ಹಾವನೂರಿನಲ್ಲಿ ಹೊಳೆ ದಾಟಿದ. ಮಳೆಗಾಲದಲ್ಲಿ ಹಿಂದಿನಿಂದ ಬರಬೇಕಾದ ಸಾಮಗ್ರಿ ನಿಲ್ಲಬಾರದೆಂದು ನದಿಗಳಲ್ಲಿ ಚರ್ಮದ ಹೊದಿಕೆಯ ಬುಟ್ಟಿದೋಣಿಗಳನ್ನು ಮೊದಲೇ ಮಾಡಿಸಿಡುವ ಏರ್ಪಾಡನ್ನೂ ಮಾಡಿದ. ದಂಡನಾಯಕ ಒಂದು ಮಳೆಗಾಲ ಪೆಟ್ಟು ತಿಂದು ಕಲಿತದ್ದು ಅಂಬಿಗರಿಗೆ ಎಷ್ಟೋ ತಲೆಮಾರಿನಿಂದ ಗೊತ್ತಿತ್ತು: ಹರಿಗೋಲಿನ ಕೆಲಸವೆಲ್ಲ ಬೇಸಿಗೆಯಲ್ಲಿ ಮುಗಿಯಬೇಕು.

ಆ ಕೆಲಸ ಬಿದಿರಿನಿಂದ ಮೊದಲಾಗುತ್ತದೆ. ಎಳೆ ಬಿದಿರಿನಲ್ಲಿ ಸಿಹಿ ಅಂಶ ಹೆಚ್ಚು. ಹುಳು ಅದಕ್ಕೇ ಮುತ್ತಿ, ಒಳಗೊಳಗೇ ಕೊರೆದು ಹಿಟ್ಟು ಮಾಡಿಬಿಡುತ್ತದೆ. ಮೂರು ವರ್ಷ ದಾಟಿದ ಬಲಿತ ಗಳವನ್ನು, ಮಳೆ ನಿಂತು ರಸ ಇಳಿದ ಚಳಿಗಾಲದಲ್ಲಿ ಕಡಿದರೆ ಬಾಳಿಕೆ ಬರುತ್ತದೆ. ಕತ್ತಲ ಪಕ್ಷದಲ್ಲಿ ಕಡಿಯಬೇಕೆಂಬ ನಂಬಿಕೆಯೂ ಇದೆ. ಕಡಿದ ಗಳವನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಸಿಹಿ ಅಂಶ ತೊಳೆದುಹೋಗುತ್ತದೆ; ಹಸಿ ವಾಸನೆ ಕೆಟ್ಟದ್ದು, ಫಲ ಒಳ್ಳೆಯದು. ಆಮೇಲೆ ದಬ್ಬೆ ಸೀಳಿ, ಒಳಗಿನ ಮೆದು ಭಾಗ ಹೆರೆದು, ನೆಲದ ಮೇಲೆ ಅಡ್ಡ ಉದ್ದ ಹಾಸಿ ತಳ ಹೆಣೆಯುತ್ತಾರೆ. ಸಾಕಷ್ಟು ಅಗಲವಾದಾಗ ದಬ್ಬೆಗಳ ತುದಿಯನ್ನು ಮೇಲಕ್ಕೆ ಬಗ್ಗಿಸಿ ಗೋಡೆ ಎತ್ತುತ್ತಾರೆ. ತಳದ ಮೇಲೆ ಭಾರದ ಕಲ್ಲು ಹೇರಿರುವುದು ಈ ಹೊತ್ತಿಗಾಗಿ; ಇಲ್ಲದಿದ್ದರೆ ಬಗ್ಗಿಸಿದ ದಬ್ಬೆ ಇಡೀ ಹೆಣಿಗೆಯನ್ನೇ ಎತ್ತಿಬಿಡುತ್ತದೆ. ಬಾಯಿಯ ಸುತ್ತ ದಬ್ಬೆಗಳನ್ನು ಕಂತೆ ಸೇರಿಸಿ ಬಿಗಿದ ದಪ್ಪ ಅಂಚು ಬರುತ್ತದೆ. ಹರಿಗೋಲಿನ ಬಲವೆಲ್ಲ ಈ ಅಂಚಿನಲ್ಲಿದೆ. ಅದು ಸಡಿಲವಾದ ಹರಿಗೋಲು ಭಾರ ಬಿದ್ದ ಕೂಡಲೇ ಮೊಟ್ಟೆಯಾಕಾರಕ್ಕೆ ತಿರುಗಿ ಒಂದು ಬದಿಯಲ್ಲಿ ನೀರು ಕುಡಿಯುತ್ತದೆ.

ಹಳೆಯ ಕಾಲದ ಹೊದಿಕೆ ಎತ್ತು, ಎಮ್ಮೆಯ ಚರ್ಮ. ಅದಕ್ಕೆ ಎಣ್ಣೆ ಕುಡಿಸಬೇಕು, ನೀರಿನಿಂದ ಮೇಲೆತ್ತಿದಾಗಲೆಲ್ಲ ಒಣಗಿಸಬೇಕು. ಒದ್ದೆಯಾಗಿಯೇ ಬಿಟ್ಟರೆ ಕೊಳೆಯುತ್ತದೆ, ಅತಿಯಾಗಿ ಒಣಗಿದರೆ ಸೆಟೆದು ಬಿರಿಯುತ್ತದೆ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ರಸಗೊಬ್ಬರದ ಚೀಲ, ಟಾರ್ಪಾಲು ಬಂದ ಮೇಲೆ ಈ ಶುಶ್ರೂಷೆ ತಪ್ಪಿತು, ಡಾಂಬರಿನ ಕೆಲಸ ಸೇರಿಕೊಂಡಿತು.

ಡಾಂಬರು ಬಳಿಯುವುದಕ್ಕೆ ಬಿಸಿಲೇ ಬೇಕು. ಮೊದಲು ಹರಿಗೋಲನ್ನು ದಡದಲ್ಲಿ ಕವುಚಿ ಹಾಕಿ, ತಳಕ್ಕೆ ಮೆತ್ತಿದ ಕೆಸರು, ಪಾಚಿಯನ್ನು ಕೆರೆದು ನಾಲ್ಕಾರು ದಿನ ಒಣಗಲು ಬಿಡುತ್ತಾರೆ. ತೂತು ಹುಡುಕುವ ಉಪಾಯ ಸುಲಭವಾದದ್ದು. ಮಟಮಟ ಮಧ್ಯಾಹ್ನ ಕವುಚಿದ ದೋಣಿಯ ಅಡಿಗೆ ತೂರಿ ಮೇಲೆ ನೋಡಿದರೆ, ಒಳಗಿನ ಕತ್ತಲಲ್ಲಿ ತೂತಿದ್ದಲ್ಲೆಲ್ಲ ಬೆಳಕಿನ ಚುಕ್ಕಿ. ಒಳಗಿದ್ದವರು ಅಲ್ಲಿಗೊಂದು ಕಡ್ಡಿ ಚುಚ್ಚುತ್ತಾರೆ, ಹೊರಗಿದ್ದವರು ಕಡ್ಡಿ ಕಂಡಲ್ಲಿ ಗುರುತು ಹಾಕುತ್ತಾರೆ. ಆ ಜಾಗಕ್ಕೆ ಚೀಲದ ತುಂಡಿನ ತೇಪೆ. ತಗಡಿನ ಡಬ್ಬಿಯಲ್ಲಿ ಡಾಂಬರು ಕಾದು ತೆಳುವಾದ ಮೇಲೆ, ಕೋಲಿಗೆ ಸುತ್ತಿದ ಗೋಣಿಯಲ್ಲಿ ಅದ್ದಿ ತಳದಿಂದ ಅಂಚಿನ ಕಡೆಗೆ ಎಳೆಯುತ್ತಾರೆ. ದಪ್ಪಗೆ ಬಳಿದರೆ ಗಟ್ಟಿ ಎಂದುಕೊಳ್ಳುವುದು ಹೊಸಬರ ತಪ್ಪು: ದಪ್ಪ ಪದರ ಬಿಸಿಲಿಗೆ ಇಳಿದು ಅಂಚಿನಲ್ಲಿ ಗಡ್ಡೆ ಕಟ್ಟುತ್ತದೆ, ತಂಪಿಗೆ ಬಿರುಕು ಬಿಡುತ್ತದೆ. ತೆಳುವಾಗಿ ಎರಡು ಸಲ ಬಳಿಯುವುದೇ ಸರಿ. ರೋಹಿಣಿ ಮಳೆಯ ಮೊದಲ ಹನಿಗಳು ಬಿದ್ದ ಮೇಲೆ ಈ ಕೆಲಸ ಹಿಡಿದರೆ ಡಾಂಬರು ತೇವದ ಮೇಲೆ ಕಚ್ಚುವುದಿಲ್ಲ, ಚಕ್ಕೆಯಾಗಿ ಏಳುತ್ತದೆ.

ಮುಗಿದ ಹರಿಗೋಲನ್ನು ನೆರಳಿನಲ್ಲಿ, ಬಾಯಿ ಕೆಳಗೆ ಮಾಡಿ, ಮೂರು ನಾಲ್ಕು ಕಲ್ಲುಗಳ ಮೇಲೆ ಇಡುತ್ತಾರೆ. ಕಲ್ಲಿಲ್ಲದೆ ನೆಲಕ್ಕಿಟ್ಟರೆ ಗೆದ್ದಲಿಗೆ ಬಿದಿರನ್ನು ಬಡಿಸಿದಂತೆ. ಮೃಗಶಿರಾ, ಆರಿದ್ರಾ ಕಳೆದು ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ನೀರು ಮೇಲೇರತೊಡಗಿದರೆ ಇಡುವ ಜಾಗವೂ ಮೇಲೇರುತ್ತದೆ. ಹಿಂದಿನ ವರ್ಷದ ನೀರಿನ ಗುರುತು ದಡದ ಮರಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿಯಲ್ಲಿ ಕಾಣುತ್ತದೆ. ಅದಕ್ಕಿಂತ ಎತ್ತರದಲ್ಲಿ ಬೇರು ಗಟ್ಟಿಯಿರುವ ಮರಕ್ಕೆ ಹಗ್ಗ ಬಿಗಿಯುತ್ತಾರೆ. ಗೂಟವನ್ನು ನಂಬುವಂತಿಲ್ಲ, ನೆನೆದ ದಡ ಗೂಟದ ಸಮೇತ ಕುಸಿಯುತ್ತದೆ.

ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟುವ ದೇಶಗಳಲ್ಲಿ ಇದೇ ಬಗೆಯ ಸಿದ್ಧತೆಯನ್ನು ಹಿಮಕ್ಕಾಗಿ ಮಾಡುತ್ತಾರೆ. ಅಮೆರಿಕದ ಮಿನೆಸೋಟ, ಕೆನಡಾದ ಒಂಟಾರಿಯೊ ಕಡೆ ನೆಲೆಸಿದ ಕನ್ನಡ ಕುಟುಂಬಗಳಿಗೆ ಅದು ಪರಿಚಿತ ನೋಟ: ಶರತ್ಕಾಲದಲ್ಲಿ ಕೆರೆದಂಡೆಯ ಮನೆಯವರು ದೋಣಿಕಟ್ಟೆಯ ಹಲಗೆಗಳನ್ನು ಬಿಚ್ಚಿ, ಚಕ್ರವಿದ್ದರೆ ಉರುಳಿಸಿ, ದಡಕ್ಕೆ ಎಳೆದುಹಾಕುತ್ತಾರೆ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಕಂಬವನ್ನು ಸುತ್ತ ಹಿಡಿದುಕೊಂಡ ಹಿಮದ ಹಲಗೆ, ಕೆರೆಯ ನೀರು ಸ್ವಲ್ಪ ಏರಿದರೂ ಕಂಬವನ್ನು ತಳದಿಂದ ಮೇಲಕ್ಕೆ ಕೀಳುತ್ತದೆ. ವಸಂತದಲ್ಲಿ ಬಿರಿದು ಗಾಳಿಗೆ ಸಾಗುವಾಗ ಎದುರಿಗೆ ಸಿಕ್ಕಿದ್ದನ್ನು ನುಗ್ಗುನುರಿ ಮಾಡುತ್ತದೆ. ಕೀಳಲಾಗದ ಕಟ್ಟೆಯ ಸುತ್ತ ಆಳದಿಂದ ಗಾಳಿಗುಳ್ಳೆ ಎಬ್ಬಿಸಿ, ತಳದ ಬೆಚ್ಚನೆಯ ನೀರು ಮೇಲೆ ಬರುವಂತೆ ಮಾಡಿ ಹಿಮ ಕಟ್ಟದಂತೆ ನೋಡಿಕೊಳ್ಳುವುದೂ ಉಂಟು. ದಾವಣಗೆರೆಯ ಚಳಿಗೆ ಇದ್ಯಾವುದೂ ಬೇಡ; ಇಲ್ಲಿನ ಮಾಗಿ ಬಿದಿರು ಕಡಿಯಲು ಹದವಾದ ಕಾಲ, ಅಷ್ಟೆ.

ತುಂಬಿದ ಹೊಳೆಯಲ್ಲಿ ದಾಟುವ ಕ್ರಮವೇ ಬೇರೆ. ಎದುರು ದಡದ ಗುರಿಗೆ ನೇರವಾಗಿ ಹೊರಡದೆ, ಹರಿಗೋಲನ್ನು ಹೊತ್ತು ಸಾಕಷ್ಟು ಮೇಲಕ್ಕೆ ನಡೆದು ಅಲ್ಲಿ ನೀರಿಗೆ ಬಿಡಬೇಕು. ಸೆಳವು ಕೆಳಕ್ಕೆ ಒಯ್ಯುತ್ತಿರುವಾಗ ಹುಟ್ಟು ಹಾಕುವ ಅಂಬಿಗ ಅಡ್ಡಕ್ಕಷ್ಟೇ ಎಳೆಯುತ್ತಾನೆ. ಮುಂದಕ್ಕೆ ಬಾಗಿ ನೀರನ್ನು ತನ್ನ ಕಡೆಗೆ ಬರಸೆಳೆಯುವ ಈ ಹುಟ್ಟಿನ ಚಳಕ ತಪ್ಪಿದರೆ ದೋಣಿ ನಿಂತಲ್ಲೇ ಬುಗುರಿ. ವಾಪಸು ಬರಬೇಕಾದರೆ ಆ ದಡದಲ್ಲೂ ಮತ್ತೆ ಅಷ್ಟೇ ದೂರ ಮೇಲಕ್ಕೆ ಹೊರಬೇಕು.

ಸೂಳೆಕೆರೆ ಎಂದೇ ಹೆಸರಾದ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಲ್ಲಿ ಸೆಳವಿನ ಭಯವಿಲ್ಲ. ಹರಿದ್ರಾ ಹಳ್ಳಕ್ಕೆ ಕಟ್ಟಿದ ಈ ಕೆರೆಗೆ ಸಿದ್ದ, ಬಸವ ಎಂಬ ಎರಡು ತೂಬುಗಳು. ಕೆರೆಯಿಂದ ಹೊರಟ ಹಳ್ಳ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಇಂಥ ನಿಂತ ನೀರಿನಲ್ಲಿ ಬಲೆ ಬೀಸುವವರ ತೆಪ್ಪ ಒಬ್ಬಿಬ್ಬರಿಗೆ ಸಾಲುವಷ್ಟು ಸಣ್ಣದು. ಅದರ ಶತ್ರು ತಳಕ್ಕೆ ಕಟ್ಟುವ ಪಾಚಿ ಮತ್ತು ಬಿಸಿಲು.

ಹರಿಹರದಲ್ಲಿ ಸಾಗಣೆಯ ಹರಿಗೋಲಿನ ದಿನಗಳು 1868ಕ್ಕೆ ಮುಗಿಯತೊಡಗಿದವು. ಆ ವರ್ಷ ತಲಾ 60 ಅಡಿಯ 14 ಕಮಾನುಗಳ ಸೇತುವೆ ಮುಗಿದು, ಬೆಂಗಳೂರು–ಧಾರವಾಡ ಹೆದ್ದಾರಿ ಹೊಳೆಯ ಮೇಲಿಂದಲೇ ಹಾಯಿತು. ಅನಂತರ ರೈಲು ಬಂತು. ಒಂದು ದಡ ಮೈಸೂರು, ಇನ್ನೊಂದು ದಡ ಮುಂಬಯಿ ಪ್ರಾಂತ್ಯ ಎಂದಿದ್ದ ಕಾಲದಲ್ಲಿ ಹಳ್ಳಿಗಳ ನಡುವಿನ ದಾಟುವಿಕೆ ಮಾತ್ರ ಅಂಬಿಗರ ಕೈಯಲ್ಲೇ ಉಳಿಯಿತು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ನೆನಪು ಉಳಿದಿರುವ ಚೌಡದಾನಪುರವೂ ಇದೇ ಹೊಳೆಯ ಎಡದಂಡೆಯ ಊರು. ಈಗ ಹರಿಗೋಲಿನ ಹೆಚ್ಚಿನ ಕೆಲಸ ಮೀನಿನದು. ಮರಳು ಎತ್ತುವುದಕ್ಕೂ ಅದನ್ನು ಇಳಿಸಿದ್ದುಂಟು. ಒದ್ದೆ ಮರಳಿನ ತೂಕಕ್ಕೆ ತಳದ ಹೆಣಿಗೆ ಬೇಗ ಬಿಡುತ್ತದೆ. ಪ್ರವಾಹದಲ್ಲಿ ಜನರನ್ನು ಹೊರತರಲು ರಕ್ಷಣಾ ಪಡೆಯವರು ಗಾಳಿ ತುಂಬುವ ರಬ್ಬರ್ ದೋಣಿ ತರುತ್ತಾರೆ. ಫೈಬರಿನ ದುಂಡು ತೆಪ್ಪವೂ ಬಂದಿದೆ. ಅದಕ್ಕೆ ಡಾಂಬರು ಬೇಡ, ಗೆದ್ದಲಿನ ಭಯವಿಲ್ಲ. ಬಂಡೆಗೆ ಬಡಿದರೆ ಬಳುಕದೆ ಸೀಳುತ್ತದೆ, ಸೀಳಿದ್ದನ್ನು ದಡದಲ್ಲಿ ಕೂತು ಗೋಣಿ, ಡಬ್ಬಿ ಹಿಡಿದು ರಿಪೇರಿ ಮಾಡಲು ಬರುವುದಿಲ್ಲ. ಹೊಳೆ ಬರುವ ಮುನ್ನ ಅದನ್ನೂ ಮೇಲಕ್ಕೆ ಹೊತ್ತು, ಕವುಚಿ, ಮರಕ್ಕೆ ಕಟ್ಟಬೇಕು.